ಗಡಿನಾಡಿಗ ಶೂಮಾನ್ ಮತ್ತು ನಮ್ಮ ಬಿಳಿಗುಂಡ್ಲು

ಲಕ್ಸೆಂಬರ್ಗಿನಲ್ಲಿ ಮೇ 9 ಸರ್ಕಾರಿ ರಜೆ. 2019ರಿಂದ ಹೀಗಿದೆ. ಅದು ಯುದ್ಧ ಗೆದ್ದ ದಿನವಲ್ಲ, ಸ್ವಾತಂತ್ರ್ಯ ಬಂದ ದಿನವಲ್ಲ, ಯಾರ ಜಯಂತಿಯೂ ಅಲ್ಲ. 1950ರಲ್ಲಿ ಆ ದಿನ ಫ್ರಾನ್ಸಿನ ವಿದೇಶಾಂಗ ಮಂತ್ರಿ ರೋಬೆರ್ ಶೂಮಾನ್ ಪ್ಯಾರಿಸಿನಲ್ಲಿ ಕಲ್ಲಿದ್ದಲು ಮತ್ತು ಉಕ್ಕಿನ ಬಗ್ಗೆ ಒಂದು ಹೇಳಿಕೆ ಓದಿದರು. ಹೇಳಿಕೆ ಓದಿದ ದಿನಕ್ಕೆ ಒಂದು ದೇಶ ರಜೆ ಕೊಡುತ್ತದೆ ಎಂದರೆ ಆ ಹೇಳಿಕೆಯಿಂದ ಏನಾದರೂ ನಡೆದಿರಲೇಬೇಕು.

ಇಲ್ಲಿ ಕೂತು ಊರಿನ ಸುದ್ದಿ ನೋಡುವಾಗ ಚುಚ್ಚುವುದು ಇದೇ. ಗಡಿ ಕ್ಯಾತೆ ಎದ್ದಾಗಲೆಲ್ಲ ಬಸ್ಸಿನ ಮುಖಕ್ಕೆ ಮಸಿ, ಕೊಗನೋಳಿ ನಾಕಾದಲ್ಲಿ ಸಾಲುಗಟ್ಟಿ ನಿಂತ ಕೆಂಪು ಬಸ್ಸು, ಕೊಲ್ಹಾಪುರಕ್ಕೆ ಹೊರಟವರು ಬ್ಯಾಗು ಹಿಡಿದು ರಸ್ತೆಯಲ್ಲಿ. ಒಂದೇ ದೇಶ, ಒಂದೇ ಸಂವಿಧಾನ, ಒಂದೇ ರೂಪಾಯಿ. ಈ ಪುಟ್ಟ ಲಕ್ಸೆಂಬರ್ಗಿಗೆ ಫ್ರಾನ್ಸ್, ಜರ್ಮನಿ, ಬೆಲ್ಜಿಯಂಗಳಿಂದ ಬೆಳಿಗ್ಗೆ 2 ಲಕ್ಷಕ್ಕೂ ಹೆಚ್ಚು ಜನ ಕೆಲಸಕ್ಕೆ ಬರುತ್ತಾರೆ, ಸಂಜೆ ಬಸ್ಸು ರೈಲು ಹಿಡಿದು ತಮ್ಮ ದೇಶಕ್ಕೆ ಮರಳುತ್ತಾರೆ. ಇದೇ ಮಣ್ಣಿನಲ್ಲಿ 1870, 1914, 1940 ಎಂದು 70 ವರ್ಷಗಳಲ್ಲಿ ಮೂರು ಸಲ ಫ್ರೆಂಚರೂ ಜರ್ಮನರೂ ಒಬ್ಬರನ್ನೊಬ್ಬರು ಕೊಂದಿದ್ದಾರೆ. ಅವರಿಗೆ ಆಗಿದ್ದು ನಮಗೇಕೆ ಆಗಲಿಲ್ಲ ಎಂದು ಕೇಳಿದರೆ 'ಅವರು ಶ್ರೀಮಂತರು' ಎಂಬ ಉತ್ತರ ಸಿದ್ಧವಿರುತ್ತದೆ. 1950ರಲ್ಲಿ ಅವರು ಶ್ರೀಮಂತರಾಗಿರಲಿಲ್ಲ. ಊರೂರೇ ಇಟ್ಟಿಗೆಯ ರಾಶಿಯಾಗಿ ಬಿದ್ದು ಐದೇ ವರ್ಷವಾಗಿತ್ತು.

ಶೂಮಾನ್ ಯಾರು ಎಂಬುದನ್ನು ಕನ್ನಡಿಗರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಗಡಿನಾಡಿಗ. ಕಾಸರಗೋಡಿನವರಿಗೆ, ಅಕ್ಕಲಕೋಟೆಯವರಿಗೆ, ಜತ್ತದವರಿಗೆ, ಮಡಕಶಿರಾದವರಿಗೆ ಆ ಬದುಕನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಶೂಮಾನ್ ಹುಟ್ಟಿದ್ದು 1886ರಲ್ಲಿ, ಲಕ್ಸೆಂಬರ್ಗ್ ನಗರದ ತಗ್ಗಿನಲ್ಲಿರುವ ಕ್ಲಾಸೆನ್ ಎಂಬ ಬಡಾವಣೆಯಲ್ಲಿ. ತಂದೆ ಗಡಿಗೆ ಅಂಟಿಕೊಂಡ ಎವ್ರಾಂಜ್ ಎಂಬ ಲೊರೇನ್ ಪ್ರಾಂತ್ಯದ ಹಳ್ಳಿಯವರು. ಹುಟ್ಟಿನಿಂದ ಫ್ರೆಂಚರಾಗಿದ್ದವರು 1871ರಲ್ಲಿ ಆ ಸೀಮೆ ಜರ್ಮನಿಯ ಪಾಲಾದಾಗ ಜರ್ಮನ್ ಪ್ರಜೆಯಾದರು. ಹೀಗಾಗಿ ಮಗನೂ ಕಾಗದದಲ್ಲಿ ಜರ್ಮನ್. ಮನೆಮಾತು ಲಕ್ಸೆಂಬರ್ಗಿಶ್, ಕಾನೂನು ಓದಿದ್ದು ಜರ್ಮನ್ ವಿಶ್ವವಿದ್ಯಾಲಯಗಳಲ್ಲಿ, ವಕೀಲಿಕೆ ಮೆತ್ಸ್ ನಗರದಲ್ಲಿ. 1918ರಲ್ಲಿ ಗಡಿ ಮತ್ತೆ ಸರಿಯಿತು, 32 ದಾಟಿದ ವಕೀಲರು ಫ್ರೆಂಚರಾದರು, ಮರುವರ್ಷವೇ ಫ್ರೆಂಚ್ ಸಂಸತ್ತಿಗೆ ಆಯ್ಕೆಯಾದರು. ಅಲ್ಲಿ ಅವರ ಮೊದಲ ದೊಡ್ಡ ಕೆಲಸ ಭಾಷಣ ಮಾಡುವುದಾಗಿರಲಿಲ್ಲ. 47 ವರ್ಷ ಜರ್ಮನ್ ಕಾನೂನಿನಲ್ಲಿ ಬದುಕಿದ ಸೀಮೆಯನ್ನು ಫ್ರೆಂಚ್ ಕಾನೂನಿಗೆ ಹೊಂದಿಸುವ ಬೇಸರದ, ತಾಳ್ಮೆಯ ಕೆಲಸ. ಏಕೀಕರಣವಾದ ಮೇಲೆ ಮುಂಬೈ ಪ್ರಾಂತ್ಯದ ಉತಾರ, ಹಳೇ ಮೈಸೂರಿನ ಪಹಣಿ, ನಿಜಾಮ ಸೀಮೆಯ ದಫ್ತರು ಎಲ್ಲವನ್ನೂ 1964ರ ಭೂಕಂದಾಯ ಕಾಯ್ದೆಯಡಿ ತಂದ ನಮ್ಮ ಕಂದಾಯ ಇಲಾಖೆಯವರಿಗೆ ಆ ಕಷ್ಟ ಗೊತ್ತಿತ್ತು. ಶೂಮಾನ್ ಎಲ್ಲವನ್ನೂ ಒಂದೇ ಅಚ್ಚಿಗೆ ಹಾಕಲಿಲ್ಲ. ಆ ಸೀಮೆಯ ಜರ್ಮನ್ ಕಾಲದ ಆರೋಗ್ಯ ವಿಮೆಯಂಥ ಕೆಲವು ಏರ್ಪಾಡುಗಳು ಇಂದಿಗೂ ಅಲ್ಲಿ ಬೇರೆಯಾಗಿಯೇ ಉಳಿದಿವೆ.

ಅವರ ಜೊತೆಗಾರರನ್ನೂ ನೋಡಿ. ಇಟಲಿಯ ಪ್ರಧಾನಿ ದೆ ಗಾಸ್ಪೆರಿ ಹುಟ್ಟಿದ ತ್ರೆಂತೀನೋ ಆಗ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದಲ್ಲಿತ್ತು, 1911ರಲ್ಲಿ ಅವರು ಆರಿಸಿಹೋದದ್ದು ವಿಯೆನ್ನಾದ ಸಂಸತ್ತಿಗೆ. ಪಶ್ಚಿಮ ಜರ್ಮನಿಯ ಚಾನ್ಸಲರ್ ಆಡೆನಾವರ್ ರೈನ್ ತೀರದ ಕಲೋನಿನವರು. ಮೂವರೂ ತಮ್ಮ ತಮ್ಮ ದೇಶದ ಅಂಚಿನವರು, ಮೂವರಿಗೂ ಜರ್ಮನ್ ಬರುತ್ತಿತ್ತು. ನಮ್ಮಲ್ಲಿ ಗಡಿನಾಡಿಗರು ಎಂದರೆ ನವೆಂಬರಿನಲ್ಲಿ ಸನ್ಮಾನಕ್ಕೆ ಕರೆಯುವವರು, ಉಳಿದ ಹನ್ನೊಂದು ತಿಂಗಳು ಸಮಸ್ಯೆ. ಎರಡು ಕಡೆಯ ಭಾಷೆ, ಎರಡು ಕಡೆಯ ಕಚೇರಿ, ಎರಡು ಕಡೆಯ ಮಾರುಕಟ್ಟೆ ಬಲ್ಲವರನ್ನು ಮಾತುಕತೆಯ ಮೇಜಿಗೆ ಕರೆದ ಉದಾಹರಣೆ ನನಗೆ ತೋಚುತ್ತಿಲ್ಲ.

ಯೂರೋಪಿನ ಒಕ್ಕೂಟದ ಕನಸು ಶೂಮಾನ್‌ಗಿಂತ ಹಳೆಯದು. 1929ರ ಸೆಪ್ಟೆಂಬರ್ 5ರಂದು ಜಿನೀವಾದಲ್ಲಿ, ರಾಷ್ಟ್ರಸಂಘದ ಸಭೆಯಲ್ಲಿ ಫ್ರಾನ್ಸಿನ ಪ್ರಧಾನಿ ಅರಿಸ್ತೀದ್ ಬ್ರಿಯಾನ್ ಯೂರೋಪಿನ ದೇಶಗಳ ನಡುವೆ ಒಂದು ಬಗೆಯ ಒಕ್ಕೂಟದ ಬೆಸುಗೆ ಬೇಕೆಂದರು. ನಾಲ್ಕು ದಿನ ಬಿಟ್ಟು ಜರ್ಮನಿಯ ವಿದೇಶಾಂಗ ಮಂತ್ರಿ ಸ್ಟ್ರೇಸಮಾನ್ ಅದನ್ನು ಸ್ವಾಗತಿಸಿ, ಯೂರೋಪಿಗೊಂದು ನಾಣ್ಯ ಎಲ್ಲಿ, ಅಂಚೆಚೀಟಿ ಎಲ್ಲಿ ಎಂದು ಕೇಳಿದರು. ಇಬ್ಬರೂ 1926ರ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡವರು. ಅಕ್ಟೋಬರ್ 3ಕ್ಕೆ ಸ್ಟ್ರೇಸಮಾನ್ ತೀರಿಕೊಂಡರು, ಆ ತಿಂಗಳ ಕೊನೆಗೆ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. 1930ರ ಮೇ ತಿಂಗಳಲ್ಲಿ ಬ್ರಿಯಾನ್ 26 ಸರ್ಕಾರಗಳಿಗೆ ಮನವಿಪತ್ರ ಕಳಿಸಿದರು. ಅದರಲ್ಲಿ ಒಂದು ಪ್ರತಿನಿಧಿ ಸಭೆಯಿತ್ತು, ಒಂದು ಕಾರ್ಯಸಮಿತಿಯಿತ್ತು, ಒಂದು ಕಚೇರಿಯಿತ್ತು. ರಾಜಕೀಯ ಒಪ್ಪಂದ ಮೊದಲು, ಆರ್ಥಿಕ ಬೆಸುಗೆ ಆಮೇಲೆ ಎಂಬುದು ಅದರ ಕ್ರಮ. ಯಾರ ಸಾರ್ವಭೌಮತ್ವಕ್ಕೂ ಕೂದಲೆಳೆಯಷ್ಟು ಧಕ್ಕೆಯಿಲ್ಲ ಎಂಬ ಭರವಸೆಯೂ ಇತ್ತು. ಉತ್ತರಗಳು ಬಂದವು, ಎಲ್ಲವೂ ವಿನಯದವು. ಸೆಪ್ಟೆಂಬರ್ 14ರ ಜರ್ಮನ್ ಚುನಾವಣೆಯಲ್ಲಿ ನಾಜಿಗಳು 12 ಸ್ಥಾನಗಳಿಂದ 107ಕ್ಕೆ ಏರಿದರು. ಪರಿಶೀಲನೆಗೆಂದು ಒಂದು ಆಯೋಗ ನೇಮಕವಾಯಿತು. 1932ರ ಮಾರ್ಚಿನಲ್ಲಿ ಬ್ರಿಯಾನ್ ಹೋದರು, ಯೋಜನೆಯೂ ಅವರ ಹಿಂದೆಯೇ ಹೋಯಿತು.

ಬ್ರಿಯಾನ್ ದೊಡ್ಡ ಮನುಷ್ಯರು, ಅವರ ಕಾಲ ಕೆಟ್ಟದ್ದು. ಆದರೆ ಆ ಮನವಿಪತ್ರದಲ್ಲಿ ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಯಾವ ಗುಮಾಸ್ತ ಯಾವ ಕಡತ ತೆರೆಯಬೇಕು ಎಂಬುದೇ ಇರಲಿಲ್ಲ.

1950ರ ಕಾಗದದಲ್ಲಿ ಅದಿತ್ತು. ಅದನ್ನು ಸಿದ್ಧಪಡಿಸಿದವರು ಫ್ರಾನ್ಸಿನ ಯೋಜನಾ ಕಚೇರಿಯ ಮುಖ್ಯಸ್ಥ ಝಾನ್ ಮೊನೇ ಮತ್ತು ಅವರ ನಾಲ್ಕಾರು ಮಂದಿ. ಏಪ್ರಿಲ್ ಮಧ್ಯದಿಂದ ಮೇ 6ರ ತನಕ ಒಂಬತ್ತು ಕರಡು ಬರೆದರು. ಶೂಮಾನ್ ಏಪ್ರಿಲ್ ಕೊನೆಯ ವಾರಾಂತ್ಯಕ್ಕೆ ಮೆತ್ಸ್ ಬಳಿಯ ಮನೆಗೆ ರೈಲಿನಲ್ಲಿ ಹೊರಟಾಗ ಕರಡು ಕೈಗೆ ಬಂತು, ಸೋಮವಾರ ವಾಪಸ್ ಬಂದಾಗ ಒಪ್ಪಿದ್ದರು. ಮೇ 8ಕ್ಕೆ ಅವರ ದೂತರೊಬ್ಬರು ಬಾನ್ ನಗರಕ್ಕೆ ಹೋಗಿ ಆಡೆನಾವರರಿಗೆ ಪತ್ರ ಕೊಟ್ಟರು, ಅವತ್ತೇ ಒಪ್ಪಿಗೆ ಬಂತು. ಮರುದಿನ ಸಚಿವ ಸಂಪುಟ, ಅದು ಮುಗಿದ ಮೇಲೆ ಪತ್ರಕರ್ತರ ಮುಂದೆ ಓದು. ಎಷ್ಟು ಅವಸರವೆಂದರೆ ಫೋಟೋದವರನ್ನೇ ಕರೆದಿರಲಿಲ್ಲ. ಇಂದು ಪುಸ್ತಕಗಳಲ್ಲಿ ಕಾಣುವ ದೃಶ್ಯ ಆಮೇಲೆ ಮತ್ತೊಮ್ಮೆ ಓದಿಸಿ ತೆಗೆದದ್ದು.

ಕಲ್ಲಿದ್ದಲು ಮತ್ತು ಉಕ್ಕೇ ಯಾಕೆ? ಲೊರೇನಿನಲ್ಲಿ ಅದಿರಿದೆ, ಆದರೆ ಬಡ ಅದಿರು, ಕಬ್ಬಿಣದ ಅಂಶ ಸುಮಾರು 30 ಪ್ರತಿಶತ. ಅದನ್ನು ಕರಗಿಸಲು ರಾಶಿ ರಾಶಿ ಕೋಕ್ (ಗಾಳಿ ತಾಗದಂತೆ ಕಾಯಿಸಿದ ಕಲ್ಲಿದ್ದಲು) ಬೇಕು, ಒಳ್ಳೆಯ ಕೋಕ್ ಆಗುವ ಕಲ್ಲಿದ್ದಲು ಇದ್ದದ್ದು ಗಡಿಯಾಚೆ, ಜರ್ಮನಿಯ ರೂರ್ ಕಣಿವೆಯಲ್ಲಿ. ಫಿರಂಗಿ ಬೇಕಾದರೂ ಇದೇ ಎರಡು ಸರಕು, ರೈಲ್ವೆ ಹಳಿ ಬೇಕಾದರೂ ಇದೇ. ಗೆದ್ದವರು 1949ರಲ್ಲಿ ರೂರ್ ಮೇಲೆ ಕಣ್ಣಿಡಲು ಒಂದು ಪ್ರಾಧಿಕಾರ ಮಾಡಿದ್ದರು. ಅದರಲ್ಲಿ ಹಿಡಿತಕ್ಕೆ ಒಳಗಾದದ್ದು ಜರ್ಮನಿ ಮಾತ್ರ, ಹಾಗಾಗಿ ಜರ್ಮನರಿಗೆ ಅದು ಮುಳ್ಳಾಗಿತ್ತು. ಶೂಮಾನ್ ಹೇಳಿದ್ದು ಇಷ್ಟು: ಜರ್ಮನಿಯ ಗಣಿಯ ಮೇಲಿರುವ ಹಿಡಿತ ಫ್ರಾನ್ಸಿನ ಗಣಿಯ ಮೇಲೂ ಇರಲಿ, ಎರಡನ್ನೂ ಒಂದೇ ಉನ್ನತ ಪ್ರಾಧಿಕಾರ ನೋಡಿಕೊಳ್ಳಲಿ, ಬರುವವರೆಲ್ಲ ಬರಲಿ. ಇದು ಯೂರೋಪಿನ ಒಕ್ಕೂಟದ ಮೊದಲ ಮೆಟ್ಟಿಲು ಎಂದೂ ಅದೇ ಹೇಳಿಕೆ ಬಾಯಿಬಿಟ್ಟು ಹೇಳಿತು. ಆರು ದೇಶ ಬಂದವು, ಬ್ರಿಟನ್ ಬರಲಿಲ್ಲ.

1951ರ ಏಪ್ರಿಲ್ 18ರಂದು ಸಹಿಯಾದ ಒಪ್ಪಂದದ ಪ್ರತಿಯನ್ನು ಫ್ರಾನ್ಸಿನ ಸರ್ಕಾರಿ ಮುದ್ರಣಾಲಯದಲ್ಲಿ ಅಚ್ಚು ಹಾಕಿದರು. ಕಾಗದ ಡಚ್ಚರದು, ಶಾಯಿ ಜರ್ಮನಿಯದು, ರಟ್ಟಿನ ಚರ್ಮ ಬೆಲ್ಜಿಯಂನದು, ರೇಷ್ಮೆ ಪಟ್ಟಿ ಇಟಲಿಯದು, ಅಂಟು ಲಕ್ಸೆಂಬರ್ಗಿನದು. ಇದು ಸಮಾರಂಭದ ಚೆಂದ. ಒಳಗಿನ ಕಲಮುಗಳು ಅದಕ್ಕಿಂತ ಮುಖ್ಯ.

ಉನ್ನತ ಪ್ರಾಧಿಕಾರಕ್ಕೆ 9 ಸದಸ್ಯರು, 6 ವರ್ಷದ ಅವಧಿ, ಒಂದು ದೇಶದವರು ಇಬ್ಬರಿಗಿಂತ ಹೆಚ್ಚಿಲ್ಲ. ಸದಸ್ಯರಾದವರು ಯಾವ ಸರ್ಕಾರದ ಸೂಚನೆಯನ್ನೂ ಕೇಳಬಾರದು, ಕೊಟ್ಟರೆ ಪಡೆಯಬಾರದು. ಅವರ ಮೇಲೆ ಪ್ರಭಾವ ಬೀರುವುದಿಲ್ಲ ಎಂದು ಆಯಾ ಸರ್ಕಾರವೂ ಒಪ್ಪಿ ಸಹಿ ಹಾಕಬೇಕು. ಹುದ್ದೆ ಬಿಟ್ಟ ಮೇಲೂ 3 ವರ್ಷ ಕಲ್ಲಿದ್ದಲು-ಉಕ್ಕಿನ ವ್ಯವಹಾರಕ್ಕೆ ಕೈಹಾಕುವಂತಿಲ್ಲ. ಹಣಕ್ಕಾಗಿ ಆರು ರಾಜಧಾನಿಗಳ ಮುಂದೆ ಕೈಚಾಚುವ ಪಾಡಿಲ್ಲ. ಗಣಿ ಮತ್ತು ಉಕ್ಕಿನ ಕಂಪನಿಗಳಿಂದ ಉತ್ಪಾದನೆಯ ಮೌಲ್ಯದ ಮೇಲೆ ನೇರವಾಗಿ ಕರ. 1953ರ ಆರಂಭದಲ್ಲಿ 0.3 ಪ್ರತಿಶತ, ಆ ವರ್ಷದ ಮಧ್ಯಕ್ಕೆ 0.9. ಆ ದುಡ್ಡು ಗಣಿ ಮುಚ್ಚಿದಾಗ ಕೆಲಸ ಕಳಕೊಂಡವರ ಮರುತರಬೇತಿಗೆ, ಕಾರ್ಮಿಕರ ಮನೆಗಳಿಗೆ ಹೋಯಿತು. ಆದೇಶ ಪಾಲಿಸದ ಕಂಪನಿಗೆ ದಂಡ, ಆದೇಶವೇ ತಪ್ಪೆಂದರೆ ಹೋಗಲು ಒಂದು ನ್ಯಾಯಾಲಯ.

ರೈಲು ಸಾಗಣೆಯ ದರವೊಂದನ್ನು ಹತ್ತಿರದಿಂದ ನೋಡಿದರೆ ಇದರ ಸೂಕ್ಷ್ಮ ಗೊತ್ತಾಗುತ್ತದೆ. ಗೂಡ್ಸ್ ದರದಲ್ಲಿ ಎರಡು ಭಾಗ. ಲೋಡು ಹತ್ತಿಸಿ ಇಳಿಸುವುದಕ್ಕೆ ಒಂದು ಸ್ಥಿರ ಶುಲ್ಕ, ಆಮೇಲೆ ಕಿಲೋಮೀಟರಿಗೆ ಇಷ್ಟು ಎಂದು. ದೂರ ಹೆಚ್ಚಿದಂತೆ ಕಿಲೋಮೀಟರಿನ ದರ ಇಳಿಯುತ್ತದೆ. ಗಡಿ ದಾಟುವ ರೈಲಿಗೆ ಮಾತ್ರ ಗಡಿಯೇ ಕೊನೆಯ ನಿಲ್ದಾಣವೆಂದು ಲೆಕ್ಕ. ಒಂದು ತುಂಡು ಕಲ್ಲಿದ್ದಲೂ ಕೆಳಗಿಳಿಯದಿದ್ದರೂ ಸ್ಥಿರ ಶುಲ್ಕ ಮತ್ತೊಮ್ಮೆ, ಕಿಲೋಮೀಟರಿನ ಎಣಿಕೆ ಮತ್ತೆ ಒಂದರಿಂದ. 400 ಕಿಲೋಮೀಟರಿನ ಅಗ್ಗದ ದರ ಸಿಗಬೇಕಾದ ಸರಕಿಗೆ 200ರ ದುಬಾರಿ ದರ ಎರಡು ಸಲ ಬೀಳುತ್ತಿತ್ತು. ಆಮದು ಸುಂಕ ತೆಗೆದರೂ ಈ ಲೆಕ್ಕ ಉಳಿದಿದ್ದರೆ ಗಡಿ ಉಳಿದಂತೆಯೇ. ಕಲ್ಲಿದ್ದಲಿನ ಮಾರುಕಟ್ಟೆ ಒಂದಾದದ್ದು 1953ರ ಫೆಬ್ರವರಿ 10ಕ್ಕೆ. ಗಡಿಯಲ್ಲಿ ಮುರಿಯದ ನೇರ ದರ ಬಂದದ್ದು 1955ರಲ್ಲಿ. ಎರಡು ವರ್ಷ ಆರು ರೈಲ್ವೆಗಳ ಜೊತೆ ಕೂತು ಬಿಡಿಸಿದ ಗಂಟು ಅದು. ಒಕ್ಕೂಟ ಕಟ್ಟುವುದು ಎಂದರೆ ಇಂಥ ಗಂಟುಗಳನ್ನು ಬಿಡಿಸುವುದು.

ಇನ್ನು ನಮ್ಮ ಕಡೆಗೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕಾವೇರಿ ತೀರ್ಪು ಕೊಟ್ಟಿತು: ಕರ್ನಾಟಕಕ್ಕೆ 284.75 ಟಿಎಂಸಿ, ಬಿಳಿಗುಂಡ್ಲುವಿನ ಮಾಪನ ಕೇಂದ್ರ ದಾಟಿ ತಮಿಳುನಾಡಿಗೆ ವರ್ಷಕ್ಕೆ 177.25. ಜೂನಿನಲ್ಲಿ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಬಂತು, ಅದರ ಕೈಕೆಳಗೆ ನಿಯಂತ್ರಣ ಸಮಿತಿ. ಹೆಸರು ಕೇಳಿದರೆ ಲಕ್ಸೆಂಬರ್ಗಿನಲ್ಲಿ ಕೂತಿದ್ದ ಆ ಉನ್ನತ ಪ್ರಾಧಿಕಾರದ ತಮ್ಮನಂತಿದೆ. ಒಳಗೆ ನೋಡಿದರೆ ಅಧ್ಯಕ್ಷರೂ ಕೇಂದ್ರದ ಸದಸ್ಯರೂ ಒಂದು ಕಡೆ, ಮೂರು ರಾಜ್ಯ ಮತ್ತು ಪುದುಚೇರಿಯಿಂದ ಒಬ್ಬೊಬ್ಬ ಅಧಿಕಾರಿ ಇನ್ನೊಂದು ಕಡೆ. ರಾಜ್ಯದ ಅಧಿಕಾರಿ ಬರುವುದೇ ತನ್ನ ರಾಜ್ಯದ ಕಡತ ಹಿಡಿದು, ತನ್ನ ಸರ್ಕಾರದ ಸೂಚನೆ ಪಡೆದು. ನಮ್ಮವರು ಜಲಾಶಯದಲ್ಲಿ ನೀರಿಲ್ಲ ಎನ್ನುತ್ತಾರೆ, ಅವರು ಕುರುವೈ ಭತ್ತದ ಬೆಳೆ ಒಣಗುತ್ತಿದೆ ಎನ್ನುತ್ತಾರೆ, ಇಬ್ಬರೂ ಹೇಳುವುದು ನಿಜವೇ. ಇಡೀ ಕಣಿವೆಯ ಪರವಾಗಿ ಮಾತಾಡಬೇಕಾದವರು ದೆಹಲಿಯಿಂದ ಬಂದವರು, ಅವರು ನಮಗೂ ಹೊರಗಿನವರು, ತಮಿಳರಿಗೂ ಹೊರಗಿನವರು. ಖರ್ಚು ಕೂಡ ರಾಜ್ಯಗಳದೇ: ಕರ್ನಾಟಕ, ತಮಿಳುನಾಡು ತಲಾ 40 ಪ್ರತಿಶತ, ಕೇರಳ 15, ಪುದುಚೇರಿ 5. ತನ್ನದೇ ಆದಾಯವಿಲ್ಲ. ಒಣಗಿದ ಗದ್ದೆಯ ರೈತನಿಗೆ ಪರಿಹಾರ ಕೊಡಲು, ಬೆಳೆ ಬದಲಿಸಿದವನಿಗೆ ಬೆಂಬಲ ಕೊಡಲು ಅದರ ಬಳಿ ಏನೂ ಇಲ್ಲ.

ನನ್ನ ತಕರಾರು ಇದೊಂದೇ, ಇದನ್ನೇ ಒತ್ತಿ ಹೇಳುತ್ತೇನೆ. ಮೇಜಿನ ಸುತ್ತ ವಕೀಲರನ್ನು ಕೂರಿಸಿದರೆ ಅಲ್ಲಿ ವಾದ ನಡೆಯುತ್ತದೆ. ಮಂಡ್ಯದವರೊಬ್ಬರು, ತಂಜಾವೂರಿನವರೊಬ್ಬರು, ಸರ್ಕಾರದ ಸೂಚನೆ ಪಡೆಯುವುದಿಲ್ಲ ಎಂದು ಬರೆದುಕೊಟ್ಟು, ಆರು ವರ್ಷ ಒಂದೇ ಕಚೇರಿಯಲ್ಲಿ ಕೂತು, ಒಂದೇ ಖಾತೆಯ ಹಣವನ್ನು ಎರಡೂ ಕಡೆಯ ರೈತರಿಗೆ ಹಂಚುವಂತಿದ್ದರೆ? ಮಳೆ ಕಡಿಮೆಯಾದ ವರ್ಷ ಯಾರಿಗೆ ಎಷ್ಟು ಎಂಬ ಸಂಕಷ್ಟ ಸೂತ್ರವನ್ನು ಅವರು ಜಲಾಶಯ ತುಂಬಿರುವಾಗಲೇ ಬರೆದಿಡುತ್ತಿದ್ದರು. ನಾವು ಅದನ್ನು ನೆನೆಯುವುದೇ ಬರ ಬಂದಾಗ. 2023ರ ಸೆಪ್ಟೆಂಬರ್ 29ರ ಕರ್ನಾಟಕ ಬಂದ್ ನೆನಪಿಸಿಕೊಳ್ಳಿ. ದಿನಕ್ಕೆ ಇಷ್ಟು ಸಾವಿರ ಕ್ಯೂಸೆಕ್ ಎಂದು 15 ದಿನಕ್ಕೊಮ್ಮೆ ಆದೇಶ, ಪ್ರತಿ ಆದೇಶಕ್ಕೂ ಒಂದು ಮೇಲ್ಮನವಿ, ಒಂದು ಸರ್ವಪಕ್ಷ ಸಭೆ, ದೆಹಲಿಗೆ ಒಂದು ನಿಯೋಗ. ಬೆಳಗಾವಿಯ ವಿಚಾರವಂತೂ 1967ರ ಮಹಾಜನ ವರದಿಯಲ್ಲೇ ನಿಂತಿದೆ. 2004ರಲ್ಲಿ ಮಹಾರಾಷ್ಟ್ರ ಹಾಕಿದ ದಾವೆ ಅದರ ಮೇಲೆ ಕೂತಿದೆ.

ಉನ್ನತ ಪ್ರಾಧಿಕಾರ ಎಡವಲಿಲ್ಲವೇ? ಎಡವಿತು. ಕಂಪನಿಗಳು ದರಪಟ್ಟಿ ಪ್ರಕಟಿಸಿ ಅದರಂತೆಯೇ ಮಾರಬೇಕೆಂಬ ನಿಯಮವನ್ನು ಉಕ್ಕಿನವರು ಪಾಲಿಸಲಿಲ್ಲ. ಪ್ರಾಧಿಕಾರ ಬಗ್ಗಿ, ಪಟ್ಟಿಯಿಂದ ಸರಾಸರಿ 2.5 ಪ್ರತಿಶತ ಆಚೀಚೆ ಆಗಬಹುದು ಎಂದಿತು. ಫ್ರಾನ್ಸ್ ಮತ್ತು ಇಟಲಿ ಕೋರ್ಟಿಗೆ ಹೋದವು, 1954ರ ಡಿಸೆಂಬರ್ 21ಕ್ಕೆ ಆ ಸಡಿಲಿಕೆ ರದ್ದಾಯಿತು. ಗಮನಿಸಬೇಕಾದದ್ದು, ಆ ಸೋಲಿನಿಂದ ಪ್ರಾಧಿಕಾರದ ಬಾಗಿಲು ಮುಚ್ಚಲಿಲ್ಲ, ಕೋರ್ಟಿಗೆ ಹೋದವರೂ ಮೇಜು ಬಿಟ್ಟೇಳಲಿಲ್ಲ. ಅದೇ ವರ್ಷ ಆಗಸ್ಟ್ 30ಕ್ಕೆ ಇದೇ ಆರು ದೇಶಗಳ ಜಂಟಿ ಸೈನ್ಯದ ಯೋಜನೆ ಪ್ಯಾರಿಸಿನ ಸಂಸತ್ತಿನಲ್ಲಿ ಬಿದ್ದುಹೋಗಿತ್ತು. ತಳಪಾಯ ಬಲಿಯುವ ಮೊದಲೇ ಮಹಡಿ ಏರಿಸಲು ಹೋದದ್ದರ ಫಲ ಎಂದೇ ನನ್ನ ಅಭಿಪ್ರಾಯ.

ನಿಜವಾದ ಸೋಲು 1959ರದು. ತೈಲ ಅಗ್ಗವಾಗಿ, ಅಮೆರಿಕದ ಕಲ್ಲಿದ್ದಲು ಬಂದು ಬಿದ್ದು, ಬೆಲ್ಜಿಯಂನ ಹಳೇ ಗಣಿಗಳ ಮುಂದೆ ಕಲ್ಲಿದ್ದಲಿನ ಗುಡ್ಡೆಗಳು ಬೆಳೆದವು. ಬಿಕ್ಕಟ್ಟು ಘೋಷಿಸಿ ಉತ್ಪಾದನೆಗೆ ಮಿತಿ ಹಾಕೋಣವೆಂದು ಪ್ರಾಧಿಕಾರ ಕೇಳಿತು, ಮಂತ್ರಿಗಳ ಮಂಡಳಿ ಒಪ್ಪಲಿಲ್ಲ. ಪಾಲು ಕಡಿಮೆ ಮಾಡಿಕೊಳ್ಳುವ ಹೊತ್ತು ಬಂದಾಗ ಪ್ರತಿ ದೇಶವೂ ತನ್ನ ಗಣಿಯನ್ನೇ ನೋಡಿತು. ಇದನ್ನು ಒಪ್ಪಿಕೊಂಡರೆ ಇನ್ನೊಂದನ್ನೂ ಒಪ್ಪಬೇಕಾಗುತ್ತದೆ. ಕಲ್ಲಿದ್ದಲು ಸಾಲದಿದ್ದರೆ ಹೊರಗಿನಿಂದ ತರಿಸಬಹುದು, ಮುಂಗಾರು ಕೈಕೊಟ್ಟ ವರ್ಷದ ನೀರನ್ನು ಎಲ್ಲಿಂದ ತರುವುದು? ಕೆಆರ್‌ಎಸ್ ತಳ ಕಂಡಾಗ ಯಾವ ಪ್ರಮಾಣವಚನವೂ ಒಂದು ಅಡಿ ನೀರು ಏರಿಸುವುದಿಲ್ಲ. ಯೂರೋಪು ಗಡಿಗಳನ್ನು ಅಳಿಸಿಬಿಟ್ಟಿದೆ ಎನ್ನುವುದೂ ಪೂರ್ತಿ ಸರಿಯಲ್ಲ. 1985ರಲ್ಲಿ ಗಡಿ ತಪಾಸಣೆ ಬೇಡವೆಂದು ಸಹಿಯಾದ ಶೆಂಗೆನ್ ಇಲ್ಲೇ ಮೊಸೆಲ್ ನದಿಯ ದಡದಲ್ಲಿದೆ. 2024ರ ಸೆಪ್ಟೆಂಬರಿನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲಿ ಮತ್ತೆ ತಪಾಸಣೆ ಶುರುಮಾಡಿತು. ನಮ್ಮಲ್ಲಿ ಜಿಎಸ್‌ಟಿ ಬಂದ 2017ರಲ್ಲಿ ತೆಗೆದ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟುಗಳು ಮತ್ತೆ ಬಂದಿಲ್ಲ.

ಊರಿನ ಮೇಲಿನ ಸಿಟ್ಟಿನಲ್ಲಿ ಇಷ್ಟು ಹೊತ್ತು ಬಿಟ್ಟುಬಿಟ್ಟ ಒಂದು ಹೆಸರನ್ನೂ ಹೇಳಲೇಬೇಕು: ಹೊಸಪೇಟೆಯ ತುಂಗಭದ್ರಾ ಮಂಡಳಿ. ಆ ಅಣೆಕಟ್ಟಿಗೆ 1945ರಲ್ಲಿ ಕೈಹಾಕಿದಾಗ ಎಡದಂಡೆ ನಿಜಾಮರದು, ಬಲದಂಡೆ ಮದ್ರಾಸಿನ ಬ್ರಿಟಿಷರದು. ಶೂಮಾನ್ ಒಪ್ಪಂದ ಜಾರಿಗೆ ಬಂದ ಮರುವರ್ಷ, 1953ರ ಆಂಧ್ರ ರಾಜ್ಯ ಕಾಯ್ದೆಯ ಬೆನ್ನಿಗೆ ಮಂಡಳಿ ಹುಟ್ಟಿತು. ಅಲ್ಲೂ ರಾಜ್ಯದವರು ರಾಜ್ಯದ ಪರವೇ ಕೂರುತ್ತಾರೆ. ಆದರೂ ಪ್ರತಿ ವರ್ಷ ಒಳಹರಿವಿನ ಅಂದಾಜು ಹಾಕಿ, ಹೂಳು ತುಂಬಿ 133ರಿಂದ 105 ಟಿಎಂಸಿಗೆ ಇಳಿದ ಜಲಾಶಯದಲ್ಲಿ ಸಿಕ್ಕಷ್ಟನ್ನು ಪಾಲಿನ ಪ್ರಕಾರ ಹಂಚುತ್ತಾರೆ. ಕಡಿಮೆಯಾದರೆ ಎಲ್ಲರಿಗೂ ಕಡಿಮೆ. ಕಾವೇರಿಗೆ ನಾವು ಇನ್ನೂ ಹುಡುಕುತ್ತಿರುವ ಸೂತ್ರದ ಒಂದು ರೂಪ ಇಲ್ಲಿ ದಶಕಗಳಿಂದ ನಡೆದುಬಂದಿದೆ.

2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. 60 ಅಡಿ ಅಗಲ, 20 ಅಡಿ ಎತ್ತರದ ಬಾಯಿ ತೆರೆದು ನೀರು ನದಿಗೆ ಸುರಿಯತೊಡಗಿತು. ಎಡಕ್ಕೆ ಗಂಗಾವತಿ, ಸಿಂಧನೂರು, ಬಲಕ್ಕೆ ಬಳ್ಳಾರಿಯಿಂದ ಆಂಧ್ರದ ಕರ್ನೂಲು, ಅನಂತಪುರದ ತನಕ ಭತ್ತದ ನಾಟಿಯ ಹೊತ್ತು. ಜಲಾಶಯ ಪೂರ್ತಿ ಖಾಲಿಯಾಗಲಿ ಎಂದು ಕಾಯದೆ, ಹರಿಯುವ ನೀರಿನಲ್ಲೇ ಉಕ್ಕಿನ ತಡೆಹಲಗೆಗಳನ್ನು ಒಂದರ ಮೇಲೊಂದು ಇಳಿಸಿದರು. ಹಲಗೆಗಳು ತಯಾರಾದದ್ದು ಹೊಸಪೇಟೆ, ತೋರಣಗಲ್ಲಿನ ಸುತ್ತಮುತ್ತ. ಇಳಿಸುವ ದಾರಿ ತೋರಿಸಿದವರು ಆಂಧ್ರ ಮೂಲದ ನಿವೃತ್ತ ಗೇಟು ತಜ್ಞರು. ಸುಮಾರು ಒಂದು ವಾರದಲ್ಲಿ ಬಾಯಿ ಮುಚ್ಚಿತು, ಎರಡೂ ದಂಡೆಯ ಕಾಲುವೆಗಳಿಗೆ ನೀರು ಉಳಿಯಿತು.